ಆರು ಚಕ್ರವರ್ತಿಗಳು, ಒಬ್ಬ ಅಜ್ಜಿ: ತಾಯ್‌ಷಾನ್ ಬೆಟ್ಟದ ಕಥೆ

ಚೀನಾದ 5 ಯುವಾನ್ ನೋಟಿನ ಹಿಂಬದಿಯಲ್ಲಿ ಒಂದು ಬೆಟ್ಟದ ಚಿತ್ರವಿದೆ. ಅದು ಶಾಂಡೊಂಗ್ ಪ್ರಾಂತ್ಯದ ತಾಯ್‌ಷಾನ್. ಎತ್ತರ 1,500 ಮೀಟರ್ ಮೇಲೆ ಸ್ವಲ್ಪ, ಅಷ್ಟೆ. ಆದರೂ ಚೀನಾದ ಐದು ಪವಿತ್ರ ಬೆಟ್ಟಗಳಲ್ಲಿ ಮೊದಲ ಮಣೆ ಇದಕ್ಕೇ. ಕಾರಣ ದಿಕ್ಕು. ನಾಲ್ಕು ದಿಕ್ಕಿಗೆ ನಾಲ್ಕು, ನಡುವಿಗೊಂದು ಎಂದು ಬೆಟ್ಟಗಳನ್ನು ಹಂಚಿದಾಗ ಸೂರ್ಯ ಹುಟ್ಟುವ ಪೂರ್ವ ಇದರ ಪಾಲಿಗೆ ಬಂತು. ಜೀವ ಶುರುವಾಗುವ ಜಾಗ ಇದು ಅನ್ನುವ ನಂಬಿಕೆ. ಸತ್ತವರು ಹೋಗಿ ಸೇರುವುದೂ ಇಲ್ಲಿಗೇ ಎಂದು ಸುಮಾರು ಎರಡು ಸಾವಿರ ವರ್ಷದ ಹಿಂದೆ, ಹಾನ್ ವಂಶದ ಕಾಲದವರು ನಂಬಿದ್ದರು. ಎರಡೂ ಲೆಕ್ಕ ಒಂದೇ ಕಡೆ!

ಹೀಗಿರುವಾಗ ರಾಜರು ಸುಮ್ನೆ ಇರುತ್ತಾರಾ? ನಾಡು ಗೆದ್ದವನು ಬೆಟ್ಟದ ತುದಿಯಲ್ಲಿ ಆಕಾಶಕ್ಕೆ, ಬುಡದಲ್ಲಿ ಭೂಮಿಗೆ ಪೂಜೆ ಒಪ್ಪಿಸಬೇಕು. ಇದಕ್ಕೆ ಫೆಂಗ್-ಷಾನ್ ಎಂದು ಹೆಸರು. (ಈ ಷಾನ್ ಬೇರೆ, ಬೆಟ್ಟ ಎನ್ನುವ ಷಾನ್ ಬೇರೆ.) ಚೀನಾವನ್ನು ಒಂದು ಮಾಡಿದ ಚಿನ್ ಷಿ ಹುವಾಂಗ್ ಕ್ರಿ.ಪೂ. 219ರಲ್ಲಿ ಬಂದ. ಪೂಜೆ ಹೇಗೆಂದು ಪಂಡಿತರನ್ನು ಕೇಳಿದ. ಒಬ್ಬೊಬ್ಬರದು ಒಂದೊಂದು ಮಾತು. ಬೆಟ್ಟದ ಮಣ್ಣಿಗೂ ಗಿಡಕ್ಕೂ ನೋವಾಗಬಾರದು, ಗಾಡಿಯ ಚಕ್ರಕ್ಕೆ ಹುಲ್ಲು ಸುತ್ತಿ ಎಂದರು ಕೆಲವರು. ಅವನು ಎಲ್ಲರನ್ನೂ ಆಚೆಗೆ ಕಳಿಸಿ, ದಾರಿ ಕಡಿಸಿ ತಾನೇ ಹತ್ತಿದ. ನಡುವೆ ಬಿರುಗಾಳಿ, ಮಳೆ. ಒಂದು ದೊಡ್ಡ ಮರದ ಕೆಳಗೆ ನಿಂತ. ಆಸರೆ ಕೊಟ್ಟ ಮರಕ್ಕೆ ಅಧಿಕಾರಿಯ ಪದವಿಯನ್ನೇ ಕೊಟ್ಟ. ಮಳೆಯ ಸುದ್ದಿ ಕೇಳಿ ಪಂಡಿತರು ಆಡಿಕೊಂಡರು ಎಂದು ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ.

ಸಿಮಾ ಚಿಯೆನ್‌ನ ಮನೆಗೂ ಈ ಬೆಟ್ಟದ ಸಂಕಟ ತಟ್ಟಿತ್ತು. ಕ್ರಿ.ಪೂ. 110ರಲ್ಲಿ ಹಾನ್ ಚಕ್ರವರ್ತಿ ವೂದಿ ಪೂಜೆಗೆ ಹೊರಟಾಗ, ಆಸ್ಥಾನದಲ್ಲಿದ್ದ ಅವನ ಅಪ್ಪ ಸಿಮಾ ತಾನ್ ಹೋಗಲಾಗದೆ ಹಿಂದುಳಿದ. ಅದೇ ಕೊರಗಿನಲ್ಲಿ ತೀರಿಕೊಂಡ.

ಚಕ್ರವರ್ತಿಗಳು ಅಲ್ಲಿ ಬೇಡಿಕೊಂಡದ್ದೇನು? ಅದು ಗುಟ್ಟು. ಬೇಡಿಕೆಯನ್ನು ಬರೆದು ಮುಚ್ಚಿಡುತ್ತಿದ್ದರು. ಕ್ರಿ.ಶ. 725ರಲ್ಲಿ ಬಂದ ತಾಂಗ್ ವಂಶದ ಷುವಾನ್‌ಜೊಂಗ್ ಇದನ್ನೇ ಕೇಳಿದ: ಬರಹವನ್ನು ಯಾಕೆ ಮುಚ್ಚಿಡುತ್ತಿದ್ದರು? ಹಿಂದಿನವರು ತಮಗೆ ಸಾವಿಲ್ಲದ ಬದುಕು ಬೇಡುತ್ತಿದ್ದಿರಬೇಕು ಎಂದು ಒಬ್ಬ ಅಧಿಕಾರಿ ಹೇಳಿದ. ನಾನು ಬೇಡುವುದು ಜನರಿಗಾಗಿ, ತೋರಿಸಿ ಎಂದ ಷುವಾನ್‌ಜೊಂಗ್. ಅದೇ ಪೂಜೆಯ ನೆಪದಲ್ಲಿ ಮಂತ್ರಿಯೊಬ್ಬ ತನ್ನ ಅಳಿಯನಿಗೆ ಒಂದೇ ಸಲ ನಾಲ್ಕು ಮೆಟ್ಟಿಲು ಬಡ್ತಿ ಕೊಡಿಸಿದನಂತೆ. ಇದೆಲ್ಲ ತಾಯ್‌ಷಾನ್ ಮಹಿಮೆ ಎಂದು ಯಾರೋ ಕುಟುಕಿದರು. ಹೆಣ್ಣು ಕೊಟ್ಟ ಮಾವನನ್ನು ಚೀನೀಯರು ‘ತಾಯ್‌ಷಾನ್’ ಎನ್ನುವುದು ಇದರಿಂದಲೇ ಎಂದು ಹೇಳುತ್ತಾರೆ.

ಕೊನೆಗೆ ಬಂದವನು ಸೊಂಗ್ ವಂಶದ ಝೆನ್‌ಜೊಂಗ್, 1008ರಲ್ಲಿ. ಉತ್ತರದ ಲಿಯಾವ್ ರಾಜ್ಯಕ್ಕೆ ವರ್ಷವರ್ಷವೂ ಬೆಳ್ಳಿ, ರೇಷ್ಮೆ ಕೊಡುವ ಒಪ್ಪಂದವಾಗಿ ಮಾನ ಹೋಗಿತ್ತು. ಆಗ ಆಕಾಶದಿಂದ ಪತ್ರ ಬಿತ್ತು ಎಂದು ಸುದ್ದಿ ಮಾಡಿ ಬೆಟ್ಟ ಹತ್ತಿದ. ಈ ನಾಟಕದ ನಂತರ ಪೂಜೆಯ ಬೆಲೆಯೇ ಹೋಯಿತು. ಮತ್ತೆ ಯಾವ ಚಕ್ರವರ್ತಿಯೂ ಅದನ್ನು ಮಾಡಲಿಲ್ಲ. ಇಲ್ಲಿ ಹೆಸರಿಸದ ಇಬ್ಬರೂ ಸೇರಿ ಲೆಕ್ಕ ಆರಕ್ಕೇ ನಿಂತಿತು.

ಖಾಲಿಯಾದ ಜಾಗಕ್ಕೆ ಬಂದವಳು ಬೆಟ್ಟದ ದೇವಿ ಬಿಷಿಯಾ ಯುವಾನ್‌ಜುನ್. ಶಾಸ್ತ್ರದ ಹೆಸರು ಅದು. ಊರಿನವರಿಗೆ ಅವಳು ‘ತಾಯ್‌ಷಾನ್ ಅಜ್ಜಿ’. ಅವಳ ಹತ್ತಿರ ಗುಟ್ಟೇನಿಲ್ಲ. ಮಗು ಬೇಕು, ಕಣ್ಣು ಸರಿಹೋಗಬೇಕು ಎಂದು ಬಾಯಿಬಿಟ್ಟು ಕೇಳುತ್ತಿದ್ದರು. ಮಗು ಬೇಕಾದವರು ಮಣ್ಣಿನ ಗೊಂಬೆಗೆ ಕೆಂಪು ದಾರ ಕಟ್ಟಿ ಮನೆಗೆ ಒಯ್ಯುತ್ತಿದ್ದರು. ಚಿಕ್ಕಂದಿನಲ್ಲೇ ಪಾದ ಬಿಗಿದು ಕಟ್ಟಿಸಿಕೊಂಡು ನಡೆಯಲು ಕಷ್ಟಪಡುತ್ತಿದ್ದ ಹೆಂಗಸರೂ ಆರು ಸಾವಿರಕ್ಕೂ ಜಾಸ್ತಿ ಮೆಟ್ಟಿಲ ದಾರಿ ಹಿಡಿಯುತ್ತಿದ್ದರು. ಜನ ಎಷ್ಟು ಬಂದರೆಂದರೆ, ಮುಂದೆ ಬಂದ ಮಿಂಗ್ ವಂಶದ ಸರ್ಕಾರ ಊದುಬತ್ತಿ ಹಚ್ಚಲು ಬಂದವರಿಂದ ತೆರಿಗೆ ಎತ್ತತೊಡಗಿತು! ಅದರ ನಂತರದ ಚಿಂಗ್ ವಂಶದ ದೊರೆ ಚಿಯೆನ್‌ಲುಂಗ್ ಹಲವು ಸಲ ಬೆಟ್ಟ ಹತ್ತಿದ. ಆದರೆ ಫೆಂಗ್-ಷಾನ್‌ಗಾಗಿ ಅಲ್ಲ.

ಷುವಾನ್‌ಜೊಂಗ್ ಬೇಡಿಕೆ ಬರೆಸಿ ಬುಡದಲ್ಲಿ ಹೂತಿಟ್ಟ ಜೇಡ್ ಕಲ್ಲಿನ ಹಲಗೆಗಳು 1931ರಲ್ಲಿ ಸೈನಿಕರಿಗೆ ಸಿಕ್ಕವು. ಈಗ ತೈವಾನಿನ ತೈಪೆಯ ಅರಮನೆ ಮ್ಯೂಸಿಯಂನಲ್ಲಿವೆ. ಅಜ್ಜಿಯ ಗುಡಿ ಮಾತ್ರ ತುದಿಯ ಹತ್ತಿರವೇ ಇದೆ. ಮೇಲಿನ ಗಾಳಿಗೆ ಮಣ್ಣಿನ ಹೆಂಚು ನಿಲ್ಲುವುದಿಲ್ಲವೆಂದು ಅದಕ್ಕೆ ಕಂಚಿನ ಹೆಂಚು ಹೊದಿಸಿದ್ದಾರೆ.