ನಿಧಾನ ಅಂದ್ರೆ ಎಷ್ಟು ನಿಧಾನ?

"ನಾನು ನಿಧಾನಕ್ಕೇ ಓಡೋದು ಮೇಡಂ."

ಕಾಲು ನೋವು ಅಂತ ಬರುವ ಓಟಗಾರರು ಕುರ್ಚಿಯಲ್ಲಿ ಕೂತ ಕೂಡಲೇ ಹೇಳುವ ಮಾತಿದು. ಎಷ್ಟು ನಿಧಾನ ಅಂತ ಕೇಳುತ್ತೇನೆ. ಕಿಲೋಮೀಟರಿಗೆ ಆರೂವರೆ ನಿಮಿಷ ಅನ್ನುತ್ತಾರೆ. 21.1 ಕಿಲೋಮೀಟರಿನ ಹಾಫ್ ಮ್ಯಾರಥಾನ್ ದಿನ ಯಾವ ವೇಗದಲ್ಲಿ ಓಡಬೇಕು ಅಂತಿದ್ದೀರಿ ಅಂದರೆ, ಆರು ನಿಮಿಷ ಇಪ್ಪತ್ತು ಸೆಕೆಂಡ್. ಅಂದರೆ ಇವರ ನಿಧಾನಕ್ಕೂ ಸ್ಪರ್ಧೆಯ ವೇಗಕ್ಕೂ ಇರುವ ಅಂತರ ಬರೀ 10 ಸೆಕೆಂಡ್!

ಶೂ, ನೀರು, ವಾರ್ಮ್ ಅಪ್ ಬಗ್ಗೆ ಇಲ್ಲಿ ಬರೆಯೋದಿಲ್ಲ, ಅವೆಲ್ಲ ನಿಮಗೆ ಗೊತ್ತು. ಆದರೆ ತರಬೇತಿಯ ಹೆಚ್ಚಿನ ದಿನ ನಿಜಕ್ಕೂ ನಿಧಾನವಾಗಿ ಓಡಿ ಅನ್ನೋ ಇದೊಂದನ್ನು ಎಷ್ಟು ಸಲ ಹೇಳಿದರೂ ಜನ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಓಟ ಶುರು ಮಾಡಿದ ಕೆಲವೇ ವಾರಗಳಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ, ಹೃದಯ ಹೊಂದಿಕೊಳ್ಳುತ್ತದೆ. "ನಂಗಾಗತ್ತೆ" ಅನ್ನಿಸುತ್ತದೆ. ಮೂಳೆಯ ಲೆಕ್ಕ ಬೇರೆ. ಭಾರ ಜಾಸ್ತಿಯಾದಾಗ ದೇಹ ಮೊದಲು ಸವೆದ ಭಾಗವನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ತೆಗೆಯಲು ಕೆಲವು ವಾರ ಸಾಕು. ತುಂಬಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆ ನಡುವಿನ ಸಮಯದಲ್ಲಿ ಮೂಳೆ ಮೊದಲಿಗಿಂತ ಸ್ವಲ್ಪ ದುರ್ಬಲವಾಗಿರುತ್ತದೆ. ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ, ವೇಗ ಹೆಚ್ಚಿದರೆ ಇನ್ನೂ ಜಾಸ್ತಿ. ಸರಿಯಾಗಿ ಅದೇ ಹೊತ್ತಲ್ಲಿ ಉಸಿರು ಸಲೀಸಾಯ್ತು ಅಂತ ನೀವು ದಿನಾ ಜೋರಾಗಿ ಓಡುತ್ತೀರಿ.

ಹೀಗೆ ಓಡಿದ ಒಬ್ಬರು ತರಬೇತಿಯ 11ನೇ ವಾರ ನನ್ನ ಹತ್ತಿರ ಬಂದರು. ಮೊಣಕಾಲ ಕೆಳಗೆ, ಮೂಳೆಯ ಒಳಅಂಚಿನುದ್ದಕ್ಕೂ ಹೆಬ್ಬೆರಳಿಂದ ಒತ್ತುತ್ತಾ ಹೋದೆ. ನಾಣ್ಯದಷ್ಟು ಅಗಲದ ಒಂದು ಜಾಗ ಸಿಕ್ಕಿತು. ಬೆರಳು ತಾಗಿದ್ದೇ ತಡ, ಕಾಲು ಎಳೆದುಕೊಂಡರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಶುರುವಿನಲ್ಲಿ ಎಷ್ಟೋ ಸಲ ಕಾಣುವುದೂ ಇಲ್ಲ. ಎಂಆರ್‌ಐ ಮಾಡಿಸಿದಾಗ ಮೂಳೆ ಬಿರುಕು ಬಿಡಲು ಶುರುವಾಗಿದ್ದು ಗೊತ್ತಾಯಿತು. ಸ್ಪರ್ಧೆಗೆ ಮೂರೇ ವಾರ ಇತ್ತು. ಆ ಮನುಷ್ಯನ ಮುಖ ನೋಡಿ ನನಗೂ ಸಂಕಟವಾಯಿತು.

ಹಾಗಾದರೆ ನಿಧಾನ ಅಂದರೇನು? ವಾಚ್ ತೋರಿಸುವ ಅಂಕಿ ಅಲ್ಲ. ಓಡುತ್ತಾ ಮನೆಯ ಸುದ್ದಿ ಹೇಳೋಕೆ ಆಗಬೇಕು, ಅಷ್ಟೇ. ಒಬ್ಬರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಮಗನ ಶಾಲೆಯ ಬಗ್ಗೆ ಹೇಳಿ ಅಂದೆ. ಅವರ "ನಿಧಾನ"ದಲ್ಲಿ ಮೂರು ಪದಕ್ಕೊಮ್ಮೆ ಉಸಿರಿಗಾಗಿ ಮಾತು ತುಂಡಾಗುತ್ತಿತ್ತು. ವೇಗ ಇಳಿಸುತ್ತಾ ಬಂದೆ. ಕಿಲೋಮೀಟರಿಗೆ 8 ನಿಮಿಷಕ್ಕೆ ಬಂದಾಗ ಮಗನ ಕಥೆ ಸರಾಗವಾಗಿ ಹೊರಬಂತು. "ಇದೂ ಓಟಾನಾ ಮೇಡಂ?" ಅಂದರು. ಹೌದಮ್ಮಾ, ಇದೇ ಓಟ. ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಹೆಚ್ಚೋದು, ಕೊಬ್ಬನ್ನು ಉರಿಸಿ ದೂರ ಓಡುವ ಶಕ್ತಿ ಬರೋದು ಈ ವೇಗದಲ್ಲೂ ಆಗುತ್ತದೆ. 21.1 ಕಿಲೋಮೀಟರಿಗೆ ಬೇಕಾಗಿರೋದೂ ಅದೇ ಅಲ್ವಾ? ಮಾತು ಬರಲು ನಡುನಡುವೆ ನಡೆಯಬೇಕಾದರೆ ನಡೆಯಿರಿ, ತಪ್ಪೇನಿಲ್ಲ.

ಜೋರಾಗಿ ಓಡಲೇಬೇಡಿ ಅಂತ ನಾನು ಹೇಳುತ್ತಿಲ್ಲ. ವಾರಕ್ಕೆ ನಾಲ್ಕು ದಿನ ಓಡುವವರು ಒಂದು ದಿನ ಜೋರಾಗಿ ಓಡಲಿ. ಇದು ಸಾಮಾನ್ಯವಾಗಿ ಆರೋಗ್ಯವಾಗಿರುವವರಿಗೆ ಹೇಳುವ ಮಾತು. ಹೃದಯದ ತೊಂದರೆ ಇರುವವರು ತಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಒಂದೇ ಜಾಗದಲ್ಲಿ ಚುಚ್ಚುವ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಓಟ ನಿಲ್ಲಿಸಿ ತೋರಿಸಿಕೊಳ್ಳಿ. ಈ ಅಂಕಣ ಓದಿ ನೀವೇ ತೀರ್ಮಾನಿಸಬೇಡಿ.

ಬಿರುಕು ಬಿಟ್ಟಿದ್ದ ಅವರು ಆ ಸ್ಪರ್ಧೆ ಬಿಟ್ಟರು. ತಿಂಗಳುಗಟ್ಟಲೆ ಸುಮ್ನೆ ನಡೆದರು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕಳೆದ ವಾರ ಬಂದಾಗ, ಅರ್ಧ ಗಂಟೆ ಗೆಳೆಯನ ಜೊತೆ ಹರಟುತ್ತಾ ಓಡಿದೆ ಅಂದರು. ಆ ಜಾಗವನ್ನು ಹೆಬ್ಬೆರಳಿಂದ ಮತ್ತೆ ಒತ್ತಿ ನೋಡಿದೆ. ಕಾಲು ಎಳೆದುಕೊಳ್ಳಲಿಲ್ಲ.