ಪದ ಪರಿಚಯ: ಕೊತೋ

ಹಳೆಯ ಜಪಾನೀ ಕತ್ತಿಗಳ ಮಾರಾಟದ ವಿವರಗಳಲ್ಲಿ "ಕೊತೋ, ಸುಮಾರು 1850" ಎಂದು ಬರೆಯುವುದು ಇತ್ತೀಚೆಗೆ ವಿಪರೀತವಾಗಿದೆ. 1850ರ ಕತ್ತಿ ಎಷ್ಟೇ ತುಕ್ಕು ಹಿಡಿದಿರಲಿ, ಎಷ್ಟೇ ಸವೆದಿರಲಿ, ಅದು ಕೊತೋ ಅಲ್ಲ. ಕೊತೋ ಒಂದು ಕಾಲಘಟ್ಟದ ಹೆಸರು. ಹೆಯಾನ್ ಕಾಲದ (794–1185) ನಡುಭಾಗದಲ್ಲಿ ಬಾಗಿದ ಕತ್ತಿ ರೂಪುಗೊಂಡಾಗಿನಿಂದ 1596ರವರೆಗೆ ಆದದ್ದು ಮಾತ್ರ ಕೊತೋ.

ಗೊಂದಲಕ್ಕೆ ಪದವೇ ಕಾರಣ. "ಕೊ" ಎಂದರೆ ಹಳೆಯ, "ತೋ" ಎಂದರೆ ಕತ್ತಿ. ಆದರೆ ಯಾರ ಲೆಕ್ಕದಲ್ಲಿ ಹಳೆಯದು? ಎದೋ ಕಾಲದ (1603–1868) ಕತ್ತಿ ಪರೀಕ್ಷಕರು ಕೇಯ್‌ಚೋ ಯುಗದಿಂದ, ಅಂದರೆ 1596ರಿಂದ ಈಚಿನ ಕತ್ತಿಗಳನ್ನು "ಶಿಂತೋ", ಹೊಸ ಕತ್ತಿ, ಎಂದು ಬೇರೆ ಮಾಡಿದರು. ಅದಕ್ಕೆ ಎದುರಾಗಿ ಹಿಂದಿನವು ಕೊತೋ ಆದವು. (ಶಿಂತೋ ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ, ಉಚ್ಚಾರ ಒಂದೇ, ಬರೆಯುವ ಅಕ್ಷರ ಬೇರೆ.) ಹೀಗಾಗಿ 1620ರ ಕತ್ತಿಗೆ ಇಂದು ನಾನೂರು ವರ್ಷ ತುಂಬಿದ್ದರೂ ಅದರ ಹೆಸರು "ಹೊಸ ಕತ್ತಿ"ಯೇ. 1781ರ ಸುಮಾರಿನಿಂದ 1876ರವರೆಗಿನದು ಶಿನ್‌ಶಿಂತೋ, ಅಲ್ಲಿಂದ ಈಚೆಗೆ ಸಾಂಪ್ರದಾಯಿಕ ರೀತಿಯಲ್ಲಿ ಆದದ್ದು ಗೆಂದೈತೋ. 1850ರ ಕತ್ತಿಯ ಜಾಗ ಶಿನ್‌ಶಿಂತೋದಲ್ಲಿ.

1596ರ ಗೆರೆ ಸುಮ್ಮನೆ ಎಳೆದದ್ದಲ್ಲ. ಅದಕ್ಕೆ ಮುಂಚೆ ಬಿಜೆನ್, ಯಮಾಶಿರೋ, ಯಮಾತೋ, ಸೋಶೂ, ಮಿನೊ ಎಂದು ಒಂದೊಂದು ಸೀಮೆಯ ಉಕ್ಕಿಗೂ ಹದಕ್ಕೂ ತನ್ನದೇ ಲಕ್ಷಣವಿತ್ತು. ಆಮೇಲೆ ಕಮ್ಮಾರರು ಕೋಟೆ ಪಟ್ಟಣಗಳಿಗೆ, ಅದರಲ್ಲೂ ಕ್ಯೋತೋ, ಒಸಾಕಾ, ಎದೋಗಳಿಗೆ ಬಂದು ಸೇರಿದರು. ಉಕ್ಕು ದೇಶದಾದ್ಯಂತ ಸಾಗಾಟವಾಗಿ ಸೀಮೆ ಸೀಮೆಯ ವ್ಯತ್ಯಾಸ ಅಳಿಸಿತು. ಪರೀಕ್ಷಕರು ನೋಡುವುದು ಉಕ್ಕಿನ ಈ ಬದಲಾವಣೆಯನ್ನು.

ಇನ್ನು ಅತಿ ಹೆಚ್ಚು ಹಾನಿ ಮಾಡುವ ತರ್ಕ: "ಸಹಿ ಇಲ್ಲ, ಆದ್ದರಿಂದ ಕೊತೋ." ಇದಕ್ಕೆ ಅರ್ಧ ಸತ್ಯದ ಆಧಾರವಿದೆ. ಕಮಾಕುರಾ, ನಾನ್‌ಬೊಕುಚೋ ಕಾಲದ (12–14ನೇ ಶತಮಾನ) ಉದ್ದನೆಯ ತಾಚಿಗಳನ್ನು, ಅಂದರೆ ಬಾಯಿ ಕೆಳಗಾಗಿ ಸೊಂಟದಿಂದ ತೂಗುಬಿಡುವ ಕತ್ತಿಗಳನ್ನು, ಮುಂದಿನವರು ಸೊಂಟಕ್ಕೆ ಸಿಕ್ಕಿಸಲು ಅನುಕೂಲವಾಗುವಂತೆ ಮೊಟಕುಗೊಳಿಸಿದರು. ಕತ್ತರಿಸುವುದು ತುದಿಯಿಂದಲ್ಲ, ಬುಡದಿಂದ. ಹಿಡಿಯೊಳಗೆ ಸೇರುವ ಬಾಲಕ್ಕೆ ನಕಾಗೊ ಎನ್ನುತ್ತಾರೆ. ಮೂಲ ನಕಾಗೊ ಪೂರ್ತಿ ಹೋದರೆ ಅದು "ಓ-ಸುರಿಅಗೆ". ಅದರ ಮೇಲೆ ಕೆತ್ತಿದ್ದ ಕಮ್ಮಾರನ ಸಹಿಯೂ ಹೋಗುತ್ತದೆ. ಹಾಗೆಂದು ಸಹಿ ಇಲ್ಲದ್ದೆಲ್ಲ ಓ-ಸುರಿಅಗೆ ಅಲ್ಲ. ಸಹಿ ಹಾಕದೆ ಬಿಟ್ಟ ಶಿನ್‌ಶಿಂತೋಗಳಿವೆ. ನಕಲಿ ಸಹಿಯನ್ನು ಅಳಿಸಿ, ಆ ಜಾಗಕ್ಕೆ ಕೃತಕ ತುಕ್ಕು ಹಿಡಿಸಿದವೂ ಇವೆ.

ಓ-ಸುರಿಅಗೆ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಮೂಲ ನಕಾಗೊ ಉಳಿದ ಕತ್ತಿಯಲ್ಲಿ ಹದದ ಗೆರೆ, ಅಂದರೆ ಹಾಮೊನ್, ನಕಾಗೊ ಶುರುವಾದ ಸ್ವಲ್ಪ ಕೆಳಗೆ ನಿಂತುಹೋಗುತ್ತದೆ. ಓ-ಸುರಿಅಗೆಯಲ್ಲಿ ಅಲಗಿನ ಭಾಗವೇ ನಕಾಗೊ ಆಗಿರುವುದರಿಂದ ಹಾಮೊನ್ ಅದರ ಆಳಕ್ಕೆ ಇಳಿದಿರುತ್ತದೆ. ಬೆನ್ನಿನ ಬದಿಯಲ್ಲಿ ಉದ್ದಕ್ಕೆ ಕೊರೆದ ತೋಡು ಇದ್ದರೆ ಅದೂ ಕೊನೆಯವರೆಗೆ ಓಡಿ ಕತ್ತರಿಸಿದಂತೆ ನಿಲ್ಲುತ್ತದೆ. ನಕಾಗೊದ ತುದಿ ಸಾಮಾನ್ಯವಾಗಿ ನೇರ ಕಡಿತ. ಹಿಡಿಯನ್ನು ನಿಲ್ಲಿಸುವ ಮೊಳೆಯ ತೂತುಗಳು ಎರಡೋ ಮೂರೋ ಇರುತ್ತವೆ. ಆದರೆ ತೂತಿನ ಸಂಖ್ಯೆಯೊಂದನ್ನೇ ನಂಬಬಾರದು, ಹಿಡಿ ಬದಲಿಸಿದರೂ ಹೊಸ ತೂತು ಬೇಕಾಗುತ್ತದೆ.

ಶಿನ್‌ಶಿಂತೋ ಕಮ್ಮಾರರು ಮೊಟಕಾದ ನಾನ್‌ಬೊಕುಚೋ ಕತ್ತಿಯ ಆಕಾರವನ್ನೇ ನೋಡಿ ಹೊಸದಾಗಿ ಮಾಡಿದರು. ಹಳೆಯ ವಿಧಾನಕ್ಕೆ ಮರಳಬೇಕೆಂದು ಸುಯ್‌ಶಿನ್‌ಶಿ ಮಾಸಾಹಿದೆ (1750–1825) ಹಬ್ಬಿಸಿದ ಚಳವಳಿಯ ಫಲ ಅದು. ಹಾಗಾಗಿ ಅಗಲವಾದ ಅಲಗು, ದೊಡ್ಡ ತುದಿ ಕಂಡ ಕೂಡಲೇ 14ನೇ ಶತಮಾನ ಎನ್ನುವಂತಿಲ್ಲ. ಬೆನ್ನಿನ ದಪ್ಪ ನೋಡಿ: ನೂರಾರು ವರ್ಷ ಸಾಣೆ ಕಂಡ ಕೊತೋ ತೆಳುವಾಗಿರುತ್ತದೆ, ಕೆಲವು ಕಡೆ ಒಳಗಿನ ಮೆದು ಉಕ್ಕು ಮೇಲೆ ಕಾಣಿಸಿಕೊಂಡಿರುತ್ತದೆ, ಶಿನ್‌ಶಿಂತೋ ದಪ್ಪ, ಕೈಗೆ ಭಾರ. ಬುಡದ ಹತ್ತಿರ ಬಾಯಿಯ ಒಂದೆರಡು ಸೆಂಟಿಮೀಟರ್ ಇನ್ನೂ ಹರಿತವಾಗದೆ ಮೊಂಡಾಗಿ ಉಳಿದಿದ್ದರೆ ಅದಕ್ಕೆ "ಉಬು-ಹಾ" ಎನ್ನುತ್ತಾರೆ. ಅಂಥ ಕತ್ತಿ ಕೆಲವೇ ಸಾಣೆ ಕಂಡಿದೆ. ಅದನ್ನು ಕೊತೋ ಎಂದು ಮಾರುವವರನ್ನು ಸುಲಭಕ್ಕೆ ನಂಬಬಾರದು.

ಸಹಿ ಇದ್ದಾಗಲೂ ಅವಸರ ಬೇಡ. ತುದಿ ಮೇಲೆ ಮಾಡಿ ಸಹಿ ನಮ್ಮತ್ತ ಇರುವಂತೆ ಹಿಡಿದಾಗ ಬಾಯಿ ಬಲಕ್ಕಿದ್ದರೆ ತಾಚಿ-ಮೇಯಿ (ತಾಚಿಯ ಸಹಿ), ಎಡಕ್ಕಿದ್ದರೆ ಕತಾನಾ-ಮೇಯಿ, ಅಂದರೆ ಬಾಯಿ ಮೇಲಾಗಿ ಸೊಂಟಕ್ಕೆ ಸಿಕ್ಕಿಸುವ ಕತಾನಾದ ಸಹಿ. ತಾಚಿ-ಮೇಯಿ ಹಳೆಯ ಪದ್ಧತಿ ನಿಜ. ಆದರೆ ಹಿಜೆನ್ ಸೀಮೆಯ ತಾದಾಯೊಶಿ ಮನೆತನದವರು ಎದೋ ಕಾಲದ ಕತಾನಾಗಳಿಗೂ ತಾಚಿ ಬದಿಯಲ್ಲೇ ಸಹಿ ಕೆತ್ತಿದರು. ಹೆಸರಿನೊಂದಿಗೆ "ನೊ ಕಾಮಿ" (ಇಂಥ ಸೀಮೆಯ ಒಡೆಯ) ಎಂಬ ಬಿರುದಿದ್ದರೆ ಬಹುಪಾಲು ಶಿಂತೋ ಕಡೆಗೆ ವಾಲುತ್ತದೆ. 17ನೇ ಶತಮಾನದ ಹೆಸರಾಂತ ಕಮ್ಮಾರ ನಾಗಾಸೊನೆ ಕೊತೆತ್ಸುವಿನ ಸಹಿ ಕಂಡರೆ ನಕಲಿ ಎಂದುಕೊಂಡೇ ಶುರುಮಾಡುವುದು ಜಪಾನಿನಲ್ಲೇ ರೂಢಿ.

ನಕಾಗೊ ನೋಡಲು ಬಿದಿರಿನ ಮೊಳೆ ತೆಗೆದು, ಎಡಗೈಯಲ್ಲಿ ಹಿಡಿಯನ್ನು ಹಿಡಿದು ಅಲಗನ್ನು ನೆಟ್ಟಗೆ ನಿಲ್ಲಿಸಿ, ಬಲಮುಷ್ಟಿಯಿಂದ ಎಡ ಮಣಿಕಟ್ಟಿನ ಮೇಲೆ ಮೆಲ್ಲಗೆ ಗುದ್ದಬೇಕು. ನಕಾಗೊ ಸಡಿಲವಾಗಿ ಮೇಲೆ ಬರುತ್ತದೆ. ಕೊತೋದ ತುಕ್ಕು ಕಪ್ಪು, ನುಣುಪು. ಅರದ ಗೆರೆಗಳು ಅರ್ಧ ಮಾಸಿರುತ್ತವೆ. ತೂತು ಚಾಣದಿಂದ ಕೊರೆದದ್ದಾದ್ದರಿಂದ ಪೂರ್ತಿ ದುಂಡಗಿರುವುದಿಲ್ಲ. ಬೈರಿಗೆಯಿಂದ ಕೊರೆದ ಚೊಕ್ಕ ದುಂಡು ತೂತು, ಚೂಪಾದ ಅಲಂಕಾರದ ಅರದ ಗೆರೆ ಈಚಿನ ಕಾಲದ ಕುರುಹು. ಉಕ್ಕಿನ ಹೊಳಪು ಇನ್ನೂ ಇಣುಕುತ್ತಿದ್ದರೆ 20ನೇ ಶತಮಾನವನ್ನು ಶಂಕಿಸಿ. "ಸೆಕಿ" ಅಥವಾ "ಶೋ" ಮುದ್ರೆ ಇದ್ದರೆ ಯುದ್ಧಕಾಲದ ಕತ್ತಿ. ಕಪ್ಪು ತುಕ್ಕನ್ನು ಉಜ್ಜಿ ತೆಗೆದರೆ ಈ ಪುರಾವೆಯೆಲ್ಲ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಮರಳು ಕಾಗದ, ಆಮ್ಲ ಹತ್ತಿರ ತರಬೇಡಿ.

ಒರೆ, ಹಿಡಿಗಳಿಂದ ಅಲಗಿನ ಕಾಲ ಹೇಳುವ ಅಭ್ಯಾಸವನ್ನೂ ಬಿಡಬೇಕು. 1945ರಲ್ಲಿ ಬರ್ಮಾ, ಮಲಾಯಾಗಳಲ್ಲಿ ಶರಣಾದ ಜಪಾನೀ ಅಧಿಕಾರಿಗಳ ಕತ್ತಿಗಳು ಸೈನ್ಯದ ಹಿಡಿಯಲ್ಲೇ ಇದ್ದವು. ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆಯವು, ಕೆಲವಕ್ಕೆ ಮಾತ್ರ ಮನೆತನದ ಹಳೆಯ ಅಲಗು.

ಕಾಗದಪತ್ರಗಳ ವಿಷಯದಲ್ಲೂ ಇದೇ ಎಡವಟ್ಟು. ಜಪಾನಿನ ನೋಂದಣಿ ಚೀಟಿ, ತೊರೊಕುಶೋ, ಕತ್ತಿಯ ಬಗೆ, ಉದ್ದ, ಬಾಗು, ತೂತುಗಳ ಸಂಖ್ಯೆ, ಸಹಿ ಇಷ್ಟನ್ನು ದಾಖಲಿಸುತ್ತದೆ. ಸಹಿ ನಿಜವೆಂದಾಗಲಿ ಕಾಲ ಇಂತಿಷ್ಟೆಂದಾಗಲಿ ಅದು ಹೇಳುವುದಿಲ್ಲ. ಅದಕ್ಕೆ 1948ರಲ್ಲಿ ಸ್ಥಾಪನೆಯಾದ ನಿಹೊನ್ ಬಿಜುತ್ಸು ತೋಕೆನ್ ಹೊಜೊನ್ ಕ್ಯೋಕಾಯ್‌ (ಜಪಾನೀ ಕಲಾ ಕತ್ತಿಗಳ ಸಂರಕ್ಷಣಾ ಸಂಘ) ನಂಥ ಸಂಸ್ಥೆಯ ಪರೀಕ್ಷಾ ಪತ್ರ ಬೇಕು. ಸಹಿ ಇಲ್ಲದ ಕತ್ತಿಗೆ ಆ ಪತ್ರ "ಮುಮೇಯಿ" (ಸಹಿ ಇಲ್ಲದ್ದು) ಎಂದು ಬರೆದು, ಪಕ್ಕದಲ್ಲಿ ಆವರಣದೊಳಗೆ ಕಮ್ಮಾರನ ಅಥವಾ ಪಂಗಡದ ಹೆಸರು ಕೊಡುತ್ತದೆ. ಅಲ್ಲಿ "ಸುಎ-ಸೆಕಿ" ಎಂದಿದ್ದರೆ ಮುರೊಮಾಚಿ ಕಾಲದ ಕೊನೆಭಾಗದ (16ನೇ ಶತಮಾನದ ಸುಮಾರು) ಮಿನೊ ಸೀಮೆಯ ಕತ್ತಿ, ಕೊತೋ.