ಫರ್ಸಿ ಕೂರಿಸುವ ಮುಂಚೆ ಬಿಸಿನೀರಿನ ಪೈಪು ನೋಡಿ

ಕಲಬುರಗಿಯಲ್ಲಿ ಹೊಸ ಮನೆ ಕಟ್ಟುವವರು ಮಾಳಿಗೆ ಮೇಲೆ ಸೋಲಾರ್ ಹಾಕಿಸಿದಾಗ, ಅಲ್ಲಿಂದ ಬಿಸಿನೀರು ಅಡುಗೆಮನೆಗೆ ಬರಬೇಕು. ಹತ್ತಿರದ ದಾರಿ ಅಂತ ಪಡಸಾಲೆಯ ನೆಲದಡಿಯಲ್ಲೇ ಪೈಪು ಎಳೆದು, ಮೇಲೆ ಶಹಾಬಾದ್ ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಕೂರಿಸಿಬಿಡುತ್ತಾರೆ. ತೊಂದರೆ ಶುರುವಾಗುವುದು ಇಲ್ಲೇ.

ನೆಲದಡಿಯ ಸೋರಿಕೆ ಬೇಗ ಗೊತ್ತಾಗಲ್ಲ. ನಾನು ನೋಡಿದ ಒಂದು ಮನೆಯಲ್ಲಿ ಅದು ಮೊದಲು ಗೊತ್ತಾಗಿದ್ದು ಬರಿಗಾಲಿಗೆ. ಡಿಸೆಂಬರ್ ಬೆಳಗ್ಗೆ ನೆಲವೆಲ್ಲ ತಣ್ಣಗಿತ್ತು, ದೇವರ ಮನೆ ಬಾಗಿಲ ಹತ್ತಿರ ಎರಡು ಫರ್ಸಿ ಮಾತ್ರ ಬೆಚ್ಚಗಿದ್ದವು. ಅವುಗಳ ಸಂದಿಯಲ್ಲಿ ಉಪ್ಪಿನ ಬಿಳಿ ಗೆರೆ ಎದ್ದಿತ್ತು. ಕಲ್ಲು ಎತ್ತಿದರೆ, ಎಲ್ಬೋ (ಪೈಪು ತಿರುಗುವ ಕಡೆ ಹಾಕುವ ಜೋಡಣೆ) ಒಳಗೆ ಪೈಪು ಅರ್ಧದಷ್ಟೇ ಹೋಗಿತ್ತು. ಅದು ಮೇ ತಿಂಗಳ ಮಧ್ಯಾಹ್ನ ಅಂಟಿಸಿದ ಜಾಯಿಂಟು. ನಮ್ಮ ಬಿಸಿಲಿಗೆ ಸಾಲ್ವೆಂಟ್ (ಪೈಪಿನ ಅಂಟು) ಹಚ್ಚುತ್ತಿದ್ದಂತೆ ಒಣಗುತ್ತೆ, ಪೈಪು ಪೂರ್ತಿ ಕೂರುವ ಮುಂಚೆಯೇ ಹಿಡಿದುಬಿಡುತ್ತೆ. ಬೇಸಿಗೆಯಲ್ಲಿ ಈ ಕೆಲಸ ಬೆಳಗ್ಗೆ, ನೆರಳಲ್ಲಿ ಆಗಬೇಕು.

ಬಿಸಿನೀರಿಗೆ ಬಿಸಿ ತಾಳುವ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪೇ ಬೇಕು, ಅದರದ್ದೇ ಸಾಲ್ವೆಂಟ್ ಬೇಕು. ತಣ್ಣೀರಿನ ಯುಪಿವಿಸಿ ಇಲ್ಲಿ ನಡೆಯಲ್ಲ. ಸಿಪಿವಿಸಿ ಕೂಡ ಬಿಸಿಗೆ ಹಿಗ್ಗುತ್ತೆ. 10 ಮೀಟರ್ ಪೈಪು 40 ಡಿಗ್ರಿ ಬಿಸಿಯೇರಿದರೆ ಸುಮಾರು 25 ಮಿಲಿಮೀಟರ್ ಉದ್ದ ಆಗುತ್ತೆ. ಸುತ್ತ ಸಿಮೆಂಟು ಬಿಗಿಯಾಗಿ ಹಿಡಿದಿದ್ದರೆ ಆ ಒತ್ತಡವೆಲ್ಲ ಜಾಯಿಂಟಿನ ಮೇಲೆ. ಪೈಪಿಗೆ ಇನ್ಸುಲೇಶನ್ ತೋಳು (ಬಿಸಿ ಹಿಡಿದಿಡುವ ಮೆತ್ತನೆ ಹೊದಿಕೆ) ಹಾಕಿದರೆ ಅಲುಗಾಡಲು ಜಾಗ ಸಿಗುತ್ತೆ, ನೀರೂ ದಾರಿಯಲ್ಲಿ ಜಾಸ್ತಿ ತಣ್ಣಗಾಗಲ್ಲ.

ಇನ್ನು ನಮ್ಮ ಎರೆ ಮಣ್ಣು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಅಡಿಪಾಯ ತೋಡಿದ ಅದೇ ಮಣ್ಣನ್ನು ಪ್ಲಿಂತಿನೊಳಗೆ (ನೆಲದ ಕೆಳಗಿನ ಕಟ್ಟೆಯೊಳಗೆ) ತುಂಬಿದರೆ ನೆಲ ಕುಸಿದು ಪೈಪನ್ನೂ ಎಳೆಯುತ್ತೆ. ಮೊರಂ (ಗರಸು ಮಣ್ಣು) ತುಂಬಿಸಿ, ನೀರು ಹೊಡೆದು, ಪದರ ಪದರವಾಗಿ ಗಟ್ಟಿ ಮಾಡಿಸಿ. ಗೋಡೆ ದಾಟುವ ಕಡೆ ಪೈಪಿಗಿಂತ ದೊಡ್ಡ ಪೈಪಿನ ತುಂಡು ಇಟ್ಟು ಅದರೊಳಗಿಂದ ಹಾಯಿಸಿ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಹಟ ಹಿಡಿಯುವುದು ಪ್ರೆಷರ್ ಟೆಸ್ಟಿಗೆ. "ಟಾಕಿ ನೀರು ಬಿಟ್ಟು ನೋಡೀವ್ರಿ, ಎಲ್ಲೂ ಸೋರಿಲ್ಲ" ಅಂತಾರೆ ಪ್ಲಂಬರ್. ಮೂರು ಮೀಟರ್ ಎತ್ತರದ ಟಾಕಿ ಕೊಡುವುದು ಚದರ ಸೆಂಟಿಮೀಟರಿಗೆ ಬರೀ 0.3 ಕೆಜಿ ಪ್ರೆಷರ್. ಅಷ್ಟಕ್ಕೆ ಅರೆಬರೆ ಜಾಯಿಂಟೂ ತಡೆದುಕೊಳ್ಳುತ್ತೆ. ಅಂಟಿಸಿ ಒಂದು ದಿನ ಬಿಟ್ಟು, ಗಾಳಿ ಪೂರ್ತಿ ಹೊರಗೆ ಹೋಗುವಂತೆ ನೀರು ತುಂಬಿಸಿ, ಕೈಪಂಪಿನಿಂದ 10 ಕೆಜಿಗೆ ಏರಿಸಿ. ಕನಿಷ್ಠ ಒಂದು ಗಂಟೆ ಪ್ರೆಷರ್ ಗೇಜಿನ ಮುಳ್ಳು ಇಳಿಯಬಾರದು.

ಟೆಸ್ಟ್ ಮುಗೀತು ಅಂತ ಪಂಪು ಬಿಚ್ಚಬೇಡಿ. ಗೌಂಡಿ ಸುತ್ತಿಗೆ ಹಿಡಿದು ಫರ್ಸಿ ಕೂರಿಸುವಾಗಲೂ ಪೈಪಿನಲ್ಲಿ ಪ್ರೆಷರ್ ಇರಲಿ. ಎಲ್ಲಾದರೂ ಏಟು ಬಿದ್ದರೆ ಆಗಲೇ ತಿಳಿಯುತ್ತೆ, ಗಾರೆ ಇನ್ನೂ ಹಸಿ ಇರುವಾಗ ಕಲ್ಲು ಎತ್ತುವುದೂ ಸುಲಭ. ಮುಚ್ಚುವ ಮುಂಚೆ ಪಕ್ಕದಲ್ಲಿ ಟೇಪು ಹಿಡಿದು, ಗೋಡೆಯಿಂದ ಎಷ್ಟು ದೂರ ಅಂತ ಕಾಣುವ ಹಾಗೆ ಪ್ರತಿ ಜಾಯಿಂಟಿನ ಫೋಟೋ ತೆಗೆದಿಡಿ.

ಗೋಡೆಯಲ್ಲಿ ಒಯ್ಯಲು ದಾರಿ ಇದ್ದರೆ ಬಿಸಿನೀರನ್ನು ನೆಲದಡಿ ತರಲೇಬೇಡಿ. ಪೈಪು ನಾಲ್ಕು ಮೀಟರ್ ಜಾಸ್ತಿ ಬಿದ್ದರೂ ಸರಿ.